ಪರದೇಶದಿಂದ ಮಾವ ಬಂದಾಗ: ಬಾಣಂತಿ ಮನೆಯವರಿಗೆ ಹಂತ ಹಂತದ ಕ್ರಮ

ಬಜಪೆಯಲ್ಲಿ ವಿಮಾನ ಇಳಿದ ಸೋದರಮಾವ ನೇರ ಕಲ್ಲಡ್ಕಕ್ಕೆ ಬಂದು ಹಸುಗೂಸನ್ನು ಎತ್ತಿಕೊಳ್ಳಲು ಆಸೆಪಡುವುದು ಸಹಜ. ಅವರನ್ನು ದೂರ ಇಡಬೇಕಾಗಿಲ್ಲ. ಬರುವಾಗ ಏನು ಮಾಡಬೇಕೆಂದು ತಿಳಿದಿದ್ದರೆ ಸಾಕು.

ಹಂತ 1: ಮೊದಲೇ ಫೋನಿನಲ್ಲಿ ಕೇಳಿ

ಎಲ್ಲಿಂದ ಬರುತ್ತಿದ್ದಾರೆ? ಎರಡು ವಾರದೊಳಗೆ ಜ್ವರ, ಕೆಮ್ಮು, ಭೇದಿ ಇತ್ತೇ, ಮೈಮೇಲೆ ದದ್ದು ಎದ್ದಿತ್ತೇ? ಆಫ್ರಿಕಾದಿಂದ ಬಂದವರಾದರೆ ಮಲೇರಿಯಾ; ಮಲೇಷ್ಯಾ, ಸಿಂಗಾಪುರ, ಮಾಲ್ದೀವ್ಸ್ ಕಡೆಯವರಾದರೆ ಡೆಂಗಿ ನೆನಪಿರಲಿ. ಹಜ್, ಉಮ್ರಾ ಮುಗಿಸಿ ಬಂದವರಿಗೆ ಜನಸಂದಣಿಯಲ್ಲಿ ಹತ್ತಿದ ಕೆಮ್ಮು ಇರಬಹುದು.

ಹಂತ 2: ಕೆಮ್ಮಿದ್ದರೆ ಕಾಯಲಿ

ಹುಟ್ಟಿದಾಗ ಮಗುವಿಗೆ ಸಿಗುವುದು ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಮಾತ್ರ. ನಾಯಿಕೆಮ್ಮಿನ ಮೊದಲ ಲಸಿಕೆ ಆರನೇ ವಾರಕ್ಕೆ, ದಡಾರದ್ದು ಒಂಬತ್ತನೇ ತಿಂಗಳಿಗೆ. ಅಲ್ಲಿಯವರೆಗೆ ದೊಡ್ಡವರ ಸಂಯಮವೇ ರಕ್ಷೆ. ಆರೋಗ್ಯವಾಗಿದ್ದವರೂ ಮಿಂದು, ಬಟ್ಟೆ ಬದಲಿಸಿ, ಸೋಪಿನಲ್ಲಿ ಕೈ ತೊಳೆದ ಮೇಲೆಯೇ ಎತ್ತಿಕೊಳ್ಳಲಿ. ಮುಖಕ್ಕೆ, ಕೈಗೆ ಮುತ್ತು ಬೇಡ. ಅಮೆಯ (ಹೆರಿಗೆ ಸೂತಕದ) ದಿನಗಳಲ್ಲಿ ಬಾಣಂತಿ ಕೋಣೆಗೆ ಹೊರಗಿನವರನ್ನು ಬಿಡದ ಹಿರಿಯರ ಕಟ್ಟಳೆಯನ್ನು ಇಲ್ಲಿ ಧೈರ್ಯವಾಗಿ ಬಳಸಿಕೊಳ್ಳಿ.

ಹಂತ 3: ಸೊಳ್ಳೆಪರದೆ ಮಾವನಿಗೂ ಬೇಕು

ಎಲ್ಲರೂ ತೊಟ್ಟಿಲಿಗೆ ಪರದೆ ಹಾಕುತ್ತಾರೆ, ನೆಂಟರನ್ನು ಮರೆಯುತ್ತಾರೆ. ಡೆಂಗಿ, ಮಲೇರಿಯಾ ಮುಟ್ಟಿದರೆ ಬರುವುದಿಲ್ಲ. ಮಾವನನ್ನು ಕಚ್ಚಿದ ಸೊಳ್ಳೆ ಮಗುವನ್ನು ಕಚ್ಚಿದರೆ ಬರುತ್ತದೆ. ಡೆಂಗಿ ರೋಗಿಯ ರಕ್ತದಲ್ಲಿ ವೈರಸ್ ಜ್ವರಕ್ಕೆ ಒಂದೆರಡು ದಿನ ಮುಂಚೆಯೇ ಇರುತ್ತದೆ. ಅದನ್ನು ಹೀರಿದ ಸೊಳ್ಳೆ ಸುಮಾರು 8ರಿಂದ 12 ದಿನ ಕಳೆದ ಮೇಲೆ ರೋಗ ಹರಡಲು ಶುರುಮಾಡುತ್ತದೆ. ಅಂದರೆ ಮಾವ ಹಿಂದಿರುಗಿದ ಮೇಲೂ ಅಪಾಯ ಮನೆಯಲ್ಲೇ ಉಳಿದಿರಬಹುದು.

ಈ ಸೊಳ್ಳೆ ನಮ್ಮ ತೋಟದಲ್ಲೇ ಹುಟ್ಟುತ್ತದೆ. ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಕಪ್ಪು, ತೆಂಗಿನ ಗೆರಟೆ, ಮುಚ್ಚಳವಿಲ್ಲದ ಡ್ರಮ್ಮು: ಒಂದು ಮಳೆ ಬಂದರೆ ಎಲ್ಲದರಲ್ಲೂ ನೀರು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಸಾಕಾದ್ದರಿಂದ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ಹಾಳೆಗಳನ್ನು ಕವುಚಿ ಹಾಕಿ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುವುದು; ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ಎರಡು ತಿಂಗಳೊಳಗಿನ ಮಗುವಿಗೆ ಸೊಳ್ಳೆ ಕ್ರೀಮು ಹಚ್ಚಬೇಡಿ, ಆ ಕೋಣೆಯಲ್ಲಿ ಕಾಯಿಲ್ ಹೊಗೆಯೂ ಬೇಡ.

ಹಂತ 4: ತಂದದ್ದನ್ನು ಮಗುವಿನ ಬಾಯಿಗೆ ಹಾಕಬೇಡಿ

ಜೇನು, ಖರ್ಜೂರ, ಝಂಝಂ ನೀರು, ಕಾಶಿಯ ಗಂಗಾಜಲ ಎಲ್ಲವೂ ಪ್ರೀತಿಯವೇ; ದೊಡ್ಡವರು ಸೇವಿಸಲಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಒಂದು ವರ್ಷದವರೆಗೆ ಜೇನು ಬೇಡವೇ ಬೇಡ.

ಹಂತ 5: ನೆಂಟರಿಗೆ ಜ್ವರ ಬಂದರೆ

ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಹೋಗಿಬಂದ ಊರನ್ನು ವೈದ್ಯರಿಗೆ ಹೇಳಿ. ಮಲೇರಿಯಾ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಡೆಂಗಿ ತಾಯಿಗೇ ಬಂದರೂ ಎದೆಹಾಲು ನಿಲ್ಲಿಸಬೇಡಿ.

ಹಂತ 6: ಮಗುವಿನಲ್ಲಿ ಇವು ಕಂಡರೆ ಹೊರಡಿ

ಕಂಕುಳಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಗೆ ಸೆಳೆಯುವುದು, ಹಾಲು ಚೀಪದಿರುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು. ಮನೆಮದ್ದು ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ. 108ಕ್ಕೆ ಕರೆಮಾಡಿ ಬಂಟ್ವಾಳ ತಾಲೂಕು ಆಸ್ಪತ್ರೆಗೋ ಮಂಗಳೂರಿನ ಲೇಡಿಗೋಷನ್‌ಗೋ ಹೊರಡಿ. ಮನೆಗೆ ಯಾರು ಬಂದಿದ್ದರು, ಎಲ್ಲಿಂದ, ಯಾವತ್ತು ಎಂಬುದನ್ನು ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಂಡಿದ್ದರೆ ಅದನ್ನೂ ಕೊಂಡೊಯ್ಯಿರಿ.