ಸಿಮ್ಯುಲೇಟರ್ ಅಂಕ ನೋಡಿ ಸರ್ಜರಿ ಬಿಡಬೇಕೆ?

ಪ್ರಶ್ನೆ: ಎಂ.ಎಸ್. ಜನರಲ್ ಸರ್ಜರಿ ಎರಡನೇ ವರ್ಷದಲ್ಲಿದ್ದೇನೆ. ಲ್ಯಾಪರೊಸ್ಕೋಪಿ ಕಲಿಯಲು ನಮ್ಮಲ್ಲಿ ವಿಆರ್ ಸಿಮ್ಯುಲೇಟರ್ ಬಂದಿದೆ. ಎಲ್ಲರ ಅಂಕವೂ ಪರದೆಯ ಮೇಲೆ ಬರುತ್ತದೆ. ನಾನೇ ಕೊನೆ, ಜೂನಿಯರ್‌ಗಳೂ ನನಗಿಂತ ಮುಂದೆ. ಈಗ ಓಟಿಯಲ್ಲಿ ಕ್ಯಾಮೆರಾ ಹಿಡಿಯಲೂ ಕೈ ನಡುಗುತ್ತದೆ. ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾರೆ. ಸರ್ಜರಿ ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಎಲ್ಲರ ಕಣ್ಣೆದುರು ಕೊನೆಯಲ್ಲಿ ನಿಲ್ಲುವುದು ಸಣ್ಣ ನೋವಲ್ಲ. ಮೊದಲಿನಿಂದ ಓದಿನಲ್ಲಿ ಮುಂದಿದ್ದವರಿಗೆ ಇನ್ನೂ ಹೆಚ್ಚು ಚುಚ್ಚುತ್ತದೆ. ಜೊತೆಗೆ ಅಪ್ಪನ ಸಾಲದ ಚಿಂತೆ. ಕೈ ನಡುಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಆ ಯಂತ್ರ ನಿಮ್ಮಿಂದ ಏನು ಕೇಳುತ್ತಿದೆ ನೋಡಿ. ಹೊಟ್ಟೆಯ ಮೇಲಿನ ಸಣ್ಣ ರಂಧ್ರವೇ ಉಪಕರಣಕ್ಕೆ ತಿರುಗಣಿ. ಕೈ ಬಲಕ್ಕೆ ಸರಿದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಕಣ್ಣು ಪರದೆಯಲ್ಲಿ, ಕೈ ಇನ್ನೆಲ್ಲೋ. ಇದು ಕೆಲವರಿಗೆ ಬೇಗ ಒಗ್ಗುತ್ತದೆ, ಕೆಲವರಿಗೆ ತಡವಾಗಿ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ರೆಸಿಡೆಂಟ್‌ಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ, ಅನುಭವಿ ಸರ್ಜನ್‌ಗಳ ಮಟ್ಟ ಮುಟ್ಟುವ ತನಕ ವಿಆರ್ ಅಭ್ಯಾಸ ಮಾಡಿಸಿದರು. ಆಮೇಲೆ ನಿಜವಾದ ಪಿತ್ತಕೋಶದ ಆಪರೇಷನ್‌ನಲ್ಲಿ ನೋಡಿದರೆ, ಆ ಅಭ್ಯಾಸವಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಭಾಗ ಸುಡುವ ಸಾಧ್ಯತೆ ಐದು ಪಟ್ಟು ಇತ್ತು. ಅಲ್ಲಿ ಮುಖ್ಯವಾದದ್ದು ಮಟ್ಟ ಮುಟ್ಟುವುದು, ಯಾರು ಮೊದಲು ಮುಟ್ಟಿದರು ಎಂಬುದಲ್ಲ. ರೋಗಿಯ ಮೇಲೆ ಆಗಬಾರದ ತಪ್ಪು ಯಂತ್ರದ ಮೇಲೆ ಆಗಿಹೋಗಲಿ ಎಂದೇ ಅದನ್ನು ತರುವುದು. ಅದರಲ್ಲೂ ರ‍್ಯಾಂಕ್ ಪಟ್ಟಿ ಹಾಕುವುದು ನನಗಂತೂ ಸರಿ ಕಾಣದು.

ಒಟ್ಟು ಅಂಕವನ್ನು ಸದ್ಯಕ್ಕೆ ನೋಡಬೇಡಿ. ಎಡಗೈ ಎಷ್ಟು ಅಲೆಯಿತು, ಎಲ್ಲಿ ತಗುಲಿತು ಎಂಬುದನ್ನಷ್ಟೇ ಗಮನಿಸಿ. ರಜೆಯ ದಿನ ಗಂಟೆಗಟ್ಟಲೆ ಕೂರುವ ಬದಲು ದಿನವೂ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ. ನೈಟ್ ಡ್ಯೂಟಿ ಮುಗಿಸಿ ಬಂದು ಮಾತ್ರ ಬೇಡ. ನಂಬಿಕೆಯಿರುವ ಸೀನಿಯರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ನನ್ನ ಕೈ ಎಲ್ಲಿ ತಪ್ಪುತ್ತಿದೆ, ಹೇಳಿ ಸರ್' ಎಂದು ಕೇಳಿ. ಕೈ ನಡುಗುವ ವಿಷಯವನ್ನೂ ಅವರಿಂದ ಮುಚ್ಚಿಡಬೇಡಿ.

ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸರ್ಜರಿ ಬಿಡುವ ತೀರ್ಮಾನವನ್ನು ಮಾತ್ರ ಈ ಗಾಬರಿಯಲ್ಲಿ ಮಾಡಬೇಡಿ.