ತಳದ ನೀರು, ಮೇಲಿನ ಡೀಸೆಲ್

ಸಾರು ಇಳಿಸಿದ ಮೇಲೆ ಒಗ್ಗರಣಿ ಎಣ್ಣಿ ಎಲ್ಲಿರ್ತದ? ಮ್ಯಾಲೆ ತೇಲ್ತದ. ಹಳ್ಳದ ರಾಡಿ ನೀರು ಕೊಡದಾಗ ಇಟ್ರ ಮಣ್ಣು ಎಲ್ಲಿ ಹೋಗ್ತದ? ತಳಕ್ಕ ಕೂಡ್ತದ.

ಈ ಎರಡು ಮಾತು ನಮಗೆಲ್ಲ ಗೊತ್ತು. ಇವೇ ಎರಡು ಮಾತಿನಿಂದ ಡೀಸೆಲನ್ನೂ ಶುದ್ಧ ಮಾಡಬಹುದು. ಹೇಗೆ? ಈ ಪಾಠದಲ್ಲಿ ಕಲಿಯೋಣ.

ಇದು ನಮಗೇಕೆ ಬೇಕು?

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತೇವೆ. ಲಿಂಗಸುಗೂರು, ಮಸ್ಕಿ ಕಡೆ ತೊಗರಿ, ಸಜ್ಜೆ, ಜೋಳ, ಹತ್ತಿ ಬೆಳೆಯುತ್ತೇವೆ. ನೀರು ತಾನಾಗಿ ಏರದ ಹೊಲಕ್ಕೆ ಡೀಸೆಲ್ ಎಂಜಿನ್ ನೀರೆತ್ತುತ್ತದೆ. ಕರೆಂಟು ಹೋದಾಗಲೂ ಅದೇ ಗತಿ. ಟ್ರ್ಯಾಕ್ಟರಿಗೂ ಡೀಸೆಲ್ ಬೇಕು.

ಭತ್ತ ತೆನೆ ಬಿಡುವ ಹೊತ್ತಿಗೆ ಎಂಜಿನ್ ನಿಂತರೆ ಏನಾಗುತ್ತದೆ? ಗದ್ದೆ ಒಣಗುತ್ತದೆ. ಕಾಳು ಜೊಳ್ಳಾಗುತ್ತದೆ. ಮೆಕ್ಯಾನಿಕ್ಕಿಗೆ ಹಣ ಕೊಡಬೇಕು. ಸಂಘದಲ್ಲಿ ತೆಗೆದ ಸಾಲ ರಿಪೇರಿಗೇ ಹೋಗುತ್ತದೆ.

"ಎಂಜಿನ್ ಗಂಡಸರ ಕೆಲಸ, ನಮಗ್ಯಾಕ?" ಎಂದು ಕೆಲವರು ಕೇಳಬಹುದು. ಮನೆಯಲ್ಲಿ ಡೀಸೆಲ್ ಕ್ಯಾನು ಎತ್ತಿಡುವವರು ಯಾರು? ಹೊಲಕ್ಕೆ ಹೊತ್ತು ಒಯ್ಯುವವರು ಯಾರು? ಬಹಳ ಸಲ ನಾವೇ. ಹೊತ್ತವರಿಗೆ ಅದರ ಗುಣವೂ ಗೊತ್ತಿರಬೇಕು.

ಡೀಸೆಲ್ ಎಂಬ ಹೆಸರು

ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು. ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಈ ಬಗೆಯ ಎಂಜಿನ್ ಓಡಿಸಿ ತೋರಿಸಿದರು. 1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಅಂಥ ಒಂದು ಎಂಜಿನ್ ಶೇಂಗಾ ಎಣ್ಣೆಯಿಂದಲೂ ಓಡಿತು! ಇಂದಿನ ಎಂಜಿನ್‌ಗಳಿಗೆ ಮಾತ್ರ ಡೀಸೆಲನ್ನೇ ಹಾಕಬೇಕು. ಅದೂ ಶುದ್ಧವಾಗಿರಬೇಕು.

ಕೊಳೆ ಎಲ್ಲಿಂದ ಬರುತ್ತದೆ?

ಡ್ರಮ್ಮನ್ನು ಬಯಲಲ್ಲಿ ನಿಲ್ಲಿಸುತ್ತೇವೆ. ಮಳೆ ನೀರು ಮುಚ್ಚಳದ ಸುತ್ತ ನಿಲ್ಲುತ್ತದೆ. ಹಗಲು ಡ್ರಮ್ಮು ಕಾಯುತ್ತದೆ, ರಾತ್ರಿ ಆರುತ್ತದೆ. ಆರುವಾಗ ಗಾಳಿಯ ಜೊತೆ ಆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಡ್ರಮ್ಮಿನಲ್ಲಿ ಗಾಳಿಯ ತೇವವೂ ಹನಿಗಟ್ಟುತ್ತದೆ. ಧೂಳು, ತುಕ್ಕು ಸೇರುತ್ತವೆ. ನೀರು ಮತ್ತು ಡೀಸೆಲ್ ಕೂಡುವ ಕಡೆ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಆಗ ಕಪ್ಪು ಲೋಳೆ ಕಟ್ಟುತ್ತದೆ.

ಎಂಜಿನ್ನಿನ ಡೀಸೆಲ್ ಪಂಪಿನ ಒಳಗೆ ಬಹಳ ಸಣ್ಣ ಸಂದು ಇರುತ್ತದೆ. ಒಂದು ಮಿಲಿಮೀಟರನ್ನು 1000 ಭಾಗ ಮಾಡಿ. ಅದರಲ್ಲಿ ಎರಡು ಮೂರು ಭಾಗದಷ್ಟೇ ಆ ಸಂದು. ಮರಳಿನ ಪುಡಿ ಹೋದರೆ ಅದು ಸವೆಯುತ್ತದೆ. ನೀರು ಹೋದರೆ ತುಕ್ಕು ಹಿಡಿಯುತ್ತದೆ. ನಾಝಲ್ ಕೆಡುತ್ತದೆ. ಮಲ್ಪೆ, ಮಂಗಳೂರಿನ ಮೀನುಗಾರರಿಗೂ ಇದೇ ಭಯ. ನಮ್ಮ ಎಂಜಿನ್ ಹೊಲದಲ್ಲಿ ನಿಲ್ಲುತ್ತದೆ. ಅವರ ದೋಣಿ ನಡುಗಡಲಲ್ಲಿ ನಿಲ್ಲುತ್ತದೆ.

ಮನೆಯಲ್ಲೇ ಶುದ್ಧ ಮಾಡೋಣ

ಒಂದು ಲೀಟರ್ ನೀರಿನ ತೂಕ ಸುಮಾರು 1000 ಗ್ರಾಂ. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 830 ಗ್ರಾಂ. ಆದ್ದರಿಂದ ನೀರು ತಳಕ್ಕೆ ಇಳಿಯುತ್ತದೆ, ಡೀಸೆಲ್ ಮೇಲೆ ಉಳಿಯುತ್ತದೆ. ನಮಗೆ ಬೇಕಾದದ್ದು ತಾಳ್ಮೆ.

ಬೇಕಾದ ಸಾಮಾನು: ಎರಡು ಕ್ಯಾನು, ಒಂದು ಇಟ್ಟಿಗೆ, ಸಣ್ಣ ಜಾಲರಿ ಇರುವ ಲಾಳಿಕೆ, ಒಂದು ಗಾಜಿನ ಬಾಟಲಿ.

1. ತಂದ ಡೀಸೆಲನ್ನು ಮೊದಲ ಕ್ಯಾನಿನಲ್ಲಿ ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ.
2. ನೆರಳಲ್ಲಿ ಇಡಿ. ಒಂದು ಬದಿಯ ಕೆಳಗೆ ಇಟ್ಟಿಗೆ ಕೊಡಿ. ನೀರು, ಕೊಳೆ ತಗ್ಗಿನ ಮೂಲೆಗೆ ಸೇರುತ್ತವೆ.
3. ಕನಿಷ್ಠ ಒಂದು ಹಗಲು, ಒಂದು ರಾತ್ರಿ ಅಲುಗಾಡಿಸಬೇಡಿ.
4. ಕ್ಯಾನಿನ ತಗ್ಗು ಬದಿ ಕೆಳಗೇ ಇರುವಂತೆ ನಿಧಾನ ಬಗ್ಗಿಸಿ. ಮೇಲಿನ ಡೀಸೆಲನ್ನು ಲಾಳಿಕೆಯಿಂದ ಎರಡನೇ ಕ್ಯಾನಿಗೆ ಸುರಿಯಿರಿ.
5. ತಳದಲ್ಲಿ ನಾಲ್ಕು ಬೆರಳಷ್ಟು ಉಳಿದಾಗ ನಿಲ್ಲಿಸಿ. ಆಸೆ ಮಾಡಬೇಡಿ. ಕೊಳೆ ಇರುವುದೇ ಅಲ್ಲಿ.
6. ಉಳಿದದ್ದನ್ನು ಗಾಜಿನ ಬಾಟಲಿಗೆ ಹಾಕಿ ಮತ್ತೆ ತಿಳಿಯಾಗಲು ಬಿಡಿ. ನೀರಿನ ಗೆರೆ ಕಣ್ಣಿಗೇ ಕಾಣುತ್ತದೆ. ಮೇಲಿನ ತಿಳಿ ಡೀಸೆಲನ್ನು ಮುಂದಿನ ಸಲದ ಮೊದಲ ಕ್ಯಾನಿಗೆ ಸೇರಿಸಿ.

ಸಂಘಕ್ಕೆ ದೊಡ್ಡ ಡ್ರಮ್ಮು ಇದ್ದರೆ ಅದನ್ನು ಸೂರಿನ ಕೆಳಗೆ ಇಡಿ. ಅದರ ಒಂದು ಬದಿಗೂ ಇಟ್ಟಿಗೆ ಕೊಡಿ. ಎತ್ತರದ ಬದಿಯಿಂದ ಕೈಪಂಪು ಇಳಿಸಿ. ಪಂಪಿನ ಕೊಳವೆ ತಳದಿಂದ ನಾಲ್ಕು ಬೆರಳು ಮೇಲೇ ನಿಲ್ಲಲಿ. ನಲ್ಲಿ ಕೂಡಿಸಲು ಹಳೆಯ ಎಣ್ಣೆ ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಬೇಡಿ. ಒಳಗಿನ ಆವಿ ಸಿಡಿದು ಜೀವ ಹೋದೀತು. ಸತುವಿನ ಲೇಪದ ಬಿಳಿ ತಗಡಿನ ಡ್ರಮ್ಮೂ ಬೇಡ. ಸತು ಡೀಸೆಲಿನಲ್ಲಿ ಬೆರೆತು ಕೆಡಿಸುತ್ತದೆ.

"ಇಷ್ಟು ಮಾಡಿದ್ರ ಫಿಲ್ಟರ್ ಬ್ಯಾಡೇನು?" ಬೇಕೇ ಬೇಕು. ತೀರಾ ಸಣ್ಣ ಪುಡಿ ತಳಕ್ಕೆ ಕೂಡುವುದಿಲ್ಲ. ಜಾಲರಿಯಲ್ಲೂ ನುಸುಳುತ್ತದೆ. ಅದನ್ನು ಹಿಡಿಯುವುದು ಎಂಜಿನ್ನಿನ ಫಿಲ್ಟರ್. ನಾವು ತಿಳಿ ಮಾಡಿ ಕೊಟ್ಟರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಅದನ್ನೂ ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಇನ್ನೊಂದು ಮಾತು. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಈ ರೀತಿ ಶುದ್ಧವಾಗುವುದಿಲ್ಲ. ಸೀಮೆಎಣ್ಣೆ ಬೇರೆಯಾಗಿ ನಿಲ್ಲುವುದೇ ಇಲ್ಲ. ಆದ್ದರಿಂದ ಬಂಕಿನಲ್ಲಿ ರಸೀದಿ ಕೇಳಿ ಪಡೆಯಿರಿ. ಅಳತೆಯ ಮೇಲೆ ಸಂಶಯ ಬಂದರೆ 5 ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಿ. ಕೇಳುವುದು ನಮ್ಮ ಹಕ್ಕು.

ಎಚ್ಚರ!

ಕೊಳವೆ ಹಾಕಿ ಬಾಯಿಂದ ಡೀಸೆಲ್ ಎಳೆಯಬೇಡಿ. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮಗು ಡೀಸೆಲ್ ಕುಡಿದರೆ ವಾಂತಿ ಮಾಡಿಸಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಒಲೆ, ದೀಪ, ಬೀಡಿ ಹತ್ತಿರ ಡೀಸೆಲ್ ಇಡಬೇಡಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಡೀಸೆಲಿನಿಂದ ಆವಿ ಏಳುತ್ತದೆ. ಕಿಡಿ ತಾಗಿದರೆ ಬೆಂಕಿ.

ಕುಡಿಯುವ ನೀರಿನ ಕೊಡ, ಬಾಟಲಿಯಲ್ಲಿ ಡೀಸೆಲ್ ಹಾಕಬೇಡಿ. ಗಾಜಿನ ಬಾಟಲಿಗೆ "ಡೀಸೆಲ್" ಎಂದು ಚೀಟಿ ಅಂಟಿಸಿ. ಬರೆಯಲು ಈಗ ನಮಗೆ ಬರುತ್ತದಲ್ಲ! ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ತಳದ ಕೊಳೆಯನ್ನು ಹಳ್ಳಕ್ಕೆ, ಕಾಲುವೆಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಡಬ್ಬಿಯಲ್ಲಿ ಕೂಡಿಡಿ. ಹಳೇ ಎಣ್ಣೆ ಕೊಳ್ಳುವವರಿಗೆ ಕೊಡಿ.

ಓದಿ, ಬರೆಯಿರಿ

ತಳ, ತಿಳಿ, ಕೊಳೆ, ಲಾಳಿಕೆ, ಜಾಲರಿ, ಆವಿ, ಹಕ್ಕು.

ಉತ್ತರ ಹೇಳಿ

1. ನೀರು ಡೀಸೆಲಿನ ಕೆಳಗೆ ಏಕೆ ಇಳಿಯುತ್ತದೆ?
2. ತಳದ ನಾಲ್ಕು ಬೆರಳಷ್ಟನ್ನು ಎಂಜಿನ್ನಿಗೆ ಏಕೆ ಹಾಕಬಾರದು?
3. ನಿಮ್ಮ ಮನೆಯಲ್ಲಿ ಡೀಸೆಲ್ ಎಲ್ಲಿ ಇಟ್ಟಿದ್ದೀರಿ? ಅದು ಸರಿಯಾದ ಜಾಗವೇ? ಇಂದೇ ನೋಡಿ. ನಾಳೆ ಎಲ್ಲರೂ ಕೂಡಿ ಮಾತಾಡೋಣ.