ರಂಧ್ರಭರಿತ ಪಾಲಿಮರ್: ಕಾಗದದಿಂದ ಲ್ಯಾಬಿಗೆ ಆರು ಹೆಜ್ಜೆ

ಒಂದೇ ಗ್ರಾಂ ಪುಡಿ. ಅದರ ಒಳಮೈ ವಿಸ್ತೀರ್ಣ 834 ಚದರ ಮೀಟರ್! ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕೂಪರ್ ತಂಡ 2007ರಲ್ಲಿ ಪ್ರಕಟಿಸಿದ ‘ಸಿಎಂಪಿ-1’ ಪಾಲಿಮರ್‌ನ ಲೆಕ್ಕವಿದು. ಒಂಟಿ ಬಂಧ, ಬಹುಬಂಧಗಳು ಸರದಿಯಂತೆ ಬರುವ ಈ ಇಂಗಾಲದ ಜಾಲ ಬೆಳಕನ್ನು ಹೀರುತ್ತದೆ. ಬಿಗಿಯಾಗಿರುವುದರಿಂದ ಇದರ ರಂಧ್ರಗಳು ಕುಸಿಯುವುದಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಇದನ್ನು ಆರಿಸಿಕೊಂಡವರಿಗೆ ಇಲ್ಲಿದೆ ದಾರಿ.

1. ಮೊದಲು ಚಿತ್ರ ಬಿಡಿಸಿ: ಮೂರು ಕೈಗಳ ಒಂದು ಅಣು, ಅವನ್ನು ಜೋಡಿಸಲು ಎರಡು ಕೈಗಳ ಇನ್ನೊಂದು ಅಣು ಬೇಕು. ಸಿಎಂಪಿ-1ರಲ್ಲಿ ಇವು 1,3,5-ಟ್ರೈಎಥೈನೈಲ್‌ಬೆಂಜೀನ್ ಮತ್ತು 1,4-ಡೈಅಯೋಡೊಬೆಂಜೀನ್. ಜೋಡಿಸುವ ಅಣು ಉದ್ದವಾದಷ್ಟೂ ರಂಧ್ರ ಹಿಗ್ಗುತ್ತದೆ, ವಿಸ್ತೀರ್ಣ ಮಾತ್ರ ಇಳಿಯುತ್ತದೆ.

2. ಶುದ್ಧತೆ ನೋಡಿ: ಜಾಲ ಯಾವ ದ್ರಾವಕದಲ್ಲೂ ಕರಗದು. ಆಮೇಲೆ ಕರಗಿಸಿ ಶುದ್ಧೀಕರಿಸಲು ಆಗದ ಕಾರಣ ಕಚ್ಚಾವಸ್ತುಗಳನ್ನು ಮೊದಲೇ ಶುದ್ಧಗೊಳಿಸಿ.

3. ಗಾಳಿ ಹೊರಗಿಡಿ: ಟಾಲ್ವಿನ್–ಟ್ರೈಎಥೈಲಮೀನ್ ಮಿಶ್ರಣಕ್ಕೆ ಪಲ್ಲಾಡಿಯಂ ವೇಗವರ್ಧಕ, ಕಾಪರ್ ಅಯೋಡೈಡ್ ಸೇರಿಸಿ. ನೈಟ್ರೋಜನ್ ವಾತಾವರಣದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಕಲಕಿ. ಇದೇ ಸೊನೊಗಶಿರಾ ಜೋಡಣೆ. ಆಮ್ಲಜನಕ ನುಸುಳಿದರೆ ಆಲ್ಕೈನ್‌ಗಳು ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ. ಟಾಲ್ವಿನ್ ಬೇಗ ಹೊತ್ತಿಕೊಳ್ಳುವ ದ್ರಾವಕ. ಫ್ಯೂಮ್ ಹುಡ್ ಬಿಟ್ಟು ಕೆಲಸ ಬೇಡ.

4. ತೊಳೆಯಿರಿ: ಕ್ಲೋರೋಫಾರ್ಮ್, ನೀರು, ಮೆಥನಾಲ್, ಅಸಿಟೋನ್‌ಗಳಲ್ಲಿ ತೊಳೆದು, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್ ಹಾಯಿಸಿ, ನಿರ್ವಾತದಲ್ಲಿ ಒಣಗಿಸಿ.

5. ಪರೀಕ್ಷಿಸಿ: ಇನ್‌ಫ್ರಾರೆಡ್ ರೋಹಿತದಲ್ಲಿ 3300ರ ಸುಮಾರಿನ ಆಲ್ಕೈನ್ ಗೆರೆ ಕ್ಷೀಣಿಸಿದ್ದರೆ ಜೋಡಣೆ ನಡೆದಿದೆ ಎಂದರ್ಥ. ವಿಸ್ತೀರ್ಣ ತಿಳಿಯಲು ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಹೀರಿಕೆ ಅಳೆದು, ಬಿಇಟಿ ವಿಧಾನದಲ್ಲಿ ಲೆಕ್ಕ ಹಾಕಿ.

6. ಬಳಕೆ ಆರಿಸಿ: ಕಾರ್ಬನ್ ಡೈಆಕ್ಸೈಡ್ ಅಥವಾ ಅಯೋಡಿನ್ ಹಿಡಿದಿಡುವುದು, ಸ್ಫೋಟಕಗಳ ಸುಳಿವು ಪತ್ತೆಹಚ್ಚುವುದು, ವಿದ್ಯುತ್ ಶೇಖರಣೆ: ದಾರಿಗಳು ಹಲವು. 2015ರಲ್ಲಿ ಕೂಪರ್ ತಂಡವೇ ಅಮೀನ್ ಬೆರೆಸಿದ ನೀರಿನಿಂದ ಬೆಳಕಿನ ನೆರವಿನಲ್ಲಿ ಹೈಡ್ರೋಜನ್ ಬಿಡಿಸಿ ತೋರಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಪಾಲಿಮರ್‌ಗಳ ಸಂಶೋಧನೆ ನಡೆದಿದೆ.

ಹೈಡ್ರೋಜನ್ ಪ್ರಯೋಗಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ: ಎಷ್ಟೇ ತೊಳೆದರೂ ರಂಧ್ರಗಳಲ್ಲಿ ಪಲ್ಲಾಡಿಯಂ ಉಳಿಯಬಹುದು, ಅದೂ ಹೈಡ್ರೋಜನ್ ಬಿಡಿಸಲು ನೆರವಾಗುತ್ತದೆ. ಉಳಿದ ಲೋಹದ ಪ್ರಮಾಣ ಅಳೆದು ವರದಿಯಲ್ಲಿ ನಮೂದಿಸಿ. ಆ ಅಂಕಿಯಿಲ್ಲದೆ ಪಾಲಿಮರ್‌ನ ಕೆಲಸವೆಷ್ಟು, ಲೋಹದ ಕೆಲಸವೆಷ್ಟು ಎಂದು ಹೇಳಲಾಗದು.